ಮಲ್ಲನಕೇರಿಗೂ ಬಸರಿಗಟ್ಟಿಗೂ ನಡುವೆ

ನಾನು ಒಂದು ಕಬ್ಬಿಣದ ಗುಂಡು. ಬೇಲದ ಹಣ್ಣಿನಷ್ಟು ಗಾತ್ರ. ಯಾವುದೋ ಕಾರ್ಖಾನೆಯ ಕುಲುಮೆಯಲ್ಲಿ ಹುಟ್ಟಿದೆ. ಮೈ ಆರಿದ ಮೇಲೆ ಹೊಟ್ಟೆಯ ಮೇಲೆ ಎರಡು ಸ್ಟೇಷನ್‌ಗಳ ಹೆಸರು ಕೊರೆದರು: ಮಲ್ಲನಕೇರಿ, ಬಸರಿಗಟ್ಟಿ. ಅಲ್ಲಿಗೆ ನನ್ನ ಹಣೆಬರಹ ಬರೆದಾಯಿತು. ಮೂರನೆಯ ಸ್ಟೇಷನ್ನನ್ನು ನಾನು ಕಂಡವನಲ್ಲ.

ಒಂದೇ ಹಳಿಯ ಮೇಲೆ ಎರಡೂ ಕಡೆಯಿಂದ ರೈಲು ಬಂದರೆ ಗುದ್ದಿಕೊಳ್ಳುವುದಿಲ್ಲವೇ ಅಂತ ಜನ ಕೇಳುತ್ತಾರೆ. ಗುದ್ದಿಕೊಳ್ಳಬಾರದು ಅಂತಲೇ ನನ್ನನ್ನು ಮಾಡಿದ್ದು. ಎರಡು ಸ್ಟೇಷನ್‌ಗಳಲ್ಲೂ ಒಂದೊಂದು ಕೆಂಪು ಯಂತ್ರ, ನಡುವೆ ತಂತಿ. ಎರಡೂ ಕಡೆಯ ಸ್ಟೇಷನ್ ಮಾಸ್ತರರು ಗಂಟೆ ಬಾರಿಸಿ ಒಪ್ಪಿಕೊಂಡರೆ ಒಂದೇ ಒಂದು ಗುಂಡು ಹೊರಗೆ ಬೀಳುತ್ತದೆ. ಅದು ಕೈಗೆ ಬಾರದೆ ಡ್ರೈವರ್ ಮುಂದೆ ಹೋಗುವಂತಿಲ್ಲ. ಅದು ಆ ಕಡೆಯ ಯಂತ್ರ ಸೇರುವ ತನಕ ಇನ್ನೊಂದು ಗುಂಡು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹಾಗಾಗಿ ನಾನು ಬಿಸಿಲು ಕಂಡಾಗೆಲ್ಲ ಒಂಟಿ. ಅಣ್ಣತಮ್ಮಂದಿರೆಲ್ಲ ಒಳಗೆ, ಕತ್ತಲಲ್ಲಿ.

ಬಸರಿಗಟ್ಟಿಯಲ್ಲಿ ನನ್ನನ್ನು ಹಿಡಿಯುತ್ತಿದ್ದವನು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮೌಲಾಸಾಬ. ಗೂಡ್ಸ್ ರೈಲು ಅಲ್ಲಿ ನಿಲ್ಲುವುದಿಲ್ಲ. ಚರ್ಮದ ಚೀಲದಲ್ಲಿ ನನ್ನನ್ನು ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿರುತ್ತಾರೆ. ಡ್ರೈವರ್ ಓಡುವ ಎಂಜಿನ್ನಿಂದಲೇ ಬಳೆ ಎಸೆದು, ಮೌಲಾಸಾಬ ಎತ್ತಿ ಹಿಡಿದ ಮುಂದಿನ ದಾರಿಯ ಗುಂಡಿರುವ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಒಬ್ಬ ಡ್ರೈವರ್ ಮಾತ್ರ ಬಳೆಗೆ ಎಲೆ-ಅಡಿಕೆಯ ಪೊಟ್ಟಣ ಕಟ್ಟಿ ಎಸೆಯುತ್ತಿದ್ದ. ಮೌಲಾಸಾಬ ಅವನು ಮರಳುವಾಗ ಶೇಂಗಾ ಉಂಡಿ ಕಟ್ಟಿ ಕೊಡುತ್ತಿದ್ದ. ಉಂಡಿ ಕಟ್ಟುವವಳು ಅವನ ಹೆಂಡತಿ ಖಾಜಾಬಿ. ವರ್ಷಗಟ್ಟಲೆ ಇದು ನಡೆಯಿತು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಖಾಜಾಬಿ ಜ್ವರದಲ್ಲಿ ತೀರಿಕೊಂಡಳು. ಮಕ್ಕಳಿಲ್ಲದ ಮನೆ. ಮೌಲಾಸಾಬ ದುಃಖ ಯಾರಲ್ಲೂ ತೋಡಿಕೊಳ್ಳಲಿಲ್ಲ. ಆ ಕಾಡುಸ್ಟೇಷನ್ನಿನಲ್ಲಿ ಕೇಳುವವರಾದರೂ ಯಾರು? ಮಾಸ್ತರರು ಡ್ಯೂಟಿಯ ಮಾತು ಬಿಟ್ಟು ಬೇರೆ ಮಾತಾಡಿದವರಲ್ಲ. ಆದರೂ ಗೂಡ್ಸಿನ ದಿನ ತಾನೇ ಒಲೆ ಹಚ್ಚಿ ಶೇಂಗಾ ಹುರಿದು, ಉಂಡಿ ಕಟ್ಟಿ ನನ್ನ ಚೀಲಕ್ಕೆ ಬಿಗಿದ. ದಾರಿಯಲ್ಲಿ ಡ್ರೈವರ್ ಒಂದು ಉಂಡಿ ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ನಿಲ್ಲಿಸಿದ. ಪೊಟ್ಟಣವನ್ನೇ ನೋಡುತ್ತ ಕೂತ.

ಮುಂದಿನ ಸಲ ಮಲ್ಲನಕೇರಿಯಿಂದ ಹೊರಟಾಗಲೂ ಅದೃಷ್ಟಕ್ಕೆ ನನ್ನದೇ ಪಾಳಿ. ಬಸರಿಗಟ್ಟಿ ಬಂತು. ಡ್ರೈವರ್ ನನ್ನನ್ನು ಎಸೆಯಲು ಕೈ ಎತ್ತಿದ, ಹಾಗೇ ಒಳಗೆ ಎಳೆದುಕೊಂಡ. ನನ್ನನ್ನು ಒಪ್ಪಿಸದಿದ್ದರೆ ಹಿಂದಿನ ದಾರಿ ಬೇರೆ ರೈಲಿಗೆ ತೆರೆಯುವುದಿಲ್ಲ, ಹಾಗಾಗಿ ಗೂಡ್ಸ್ ನಿಲ್ಲಲೇಬೇಕು. ಪ್ಲಾಟ್‌ಫಾರಂ ದಾಟಿ ನಿಂತಿತು. ಅವನು ನನ್ನನ್ನು ಹೆಗಲಿಗೆ ಹಾಕಿಕೊಂಡು ಗೂಡ್ಸಿನ ಡಬ್ಬಿಗಳ ಪಕ್ಕದಲ್ಲೇ ಹಿಂದಕ್ಕೆ ನಡೆದ. ಎದುರಿಗೆ ಮೌಲಾಸಾಬ ಏದುಸಿರು ಬಿಡುತ್ತ ಬಂದ.

“ಉಂಡಿ ಹೊತ್ತಿ ಕರ್ರಗಾಗಿದ್ವು, ಸಾಬರ. ಹಿಂಗ ಎಂದೂ ಇರಲಿಲ್ಲ. ಮನ್ಯಾಗ ಏನಾತು?”

ಮೌಲಾಸಾಬ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. “ಆಕಿ ಹೋದ್ಲುರಿ. ನಾನ ಹುರದೆ, ನನಗ ಬರಲಿಲ್ಲ” ಅಂದ. ಆಮೇಲೆ ಅತ್ತ. ಡ್ರೈವರ್ ಅವನ ಹೆಗಲು ಹಿಡಿದುಕೊಂಡ. ಇಬ್ಬರ ನಡುವೆ ನಾನು ಸಿಕ್ಕಿಕೊಂಡಿದ್ದೆ.

“ನಿಮ್ಮ ಹೆಸರೇನ್ರಿ?” ಕಣ್ಣೊರಸಿಕೊಂಡು ಮೌಲಾಸಾಬ ಕೇಳಿದ.

“ಬಾಳಪ್ಪ.”

ಅಷ್ಟರಲ್ಲಿ ಮಾಸ್ತರರು ಓಡಿಬಂದರು. “ನೌಕರಿ ಬ್ಯಾಡಾಗೇತೇನ್ರಿ ನಿಮಗ?”

“ಒಗಿಯೂದು ಮರ್ತೆನ್ರಿ” ಅಂದ ಬಾಳಪ್ಪ. ಮರೆತಿರಲಿಲ್ಲ ಅಂತ ನನಗೆ ಗೊತ್ತು. ಹೇಳಲು ನನಗೆ ಬಾಯಿಲ್ಲ.

ಬಾಳಪ್ಪನನ್ನು ಆ ದಾರಿಯಿಂದ ತೆಗೆದರು. ಮೌಲಾಸಾಬ ಹೊಸ ಡ್ರೈವರನಿಗೂ ಉಂಡಿ ಕಟ್ಟಿ ಕೊಟ್ಟ. ಆತ ಬಿಚ್ಚಿ ನೋಡಿ ಜಾಲಿಕಂಟಿಗೆ ಎಸೆದ. ಇದು ಮೌಲಾಸಾಬನಿಗೆ ತಿಳಿಯಲೇ ಇಲ್ಲ. ನಿವೃತ್ತಿಯಾಗುವವರೆಗೂ ಕಟ್ಟುತ್ತಲೇ ಇದ್ದ.

ಆಮೇಲೆ ಜೋಡಿ ಹಳಿ ಬಂತು. ಯಂತ್ರ ಕಿತ್ತು ನಮ್ಮನ್ನೆಲ್ಲ ಗುಜರಿ ಕೋಣೆಯ ಮೂಲೆಗೆ ಸುರಿದರು. ಈಗ ಅಣ್ಣತಮ್ಮಂದಿರೆಲ್ಲ ಒಟ್ಟಿಗೇ ಹೊರಗಿದ್ದೇವೆ, ಆದರೂ ಬೇಸರ ಹೋಗಿಲ್ಲ. ನನಗೆ ಮೌಲಾಸಾಬನ ಕೈ ನೆನಪಾಗುತ್ತದೆ. ಕಿಟಕಿಯಾಚೆ ರೈಲುಗಳು ಯಾರನ್ನೂ ಕಾಯದೆ ಓಡುತ್ತವೆ. ರೈಲು ಹೇಗೆ ಓಡುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಒಂದು ರೈಲು ನಿಂತದ್ದನ್ನು ಕಂಡವನು. ಇಡೀ ಗೂಡ್ಸ್ ಅಂದು ನಿಂತಿತ್ತು, ಒಬ್ಬನನ್ನು ಮನೆಯಲ್ಲಿ ಏನಾಯಿತು ಅಂತ ಕೇಳುವುದಕ್ಕೆ.