ಕೈಮಾಯಿ ಕಾಡಿನ ಸಿಳ್ಳೆ

ತಮ್ಮ ಕಾಣೆಯಾದ ಕಾಡಿನ ಕಡೆ ಮಾಸೂಮಾ ಸುಮಾರು ಎರಡು ವರ್ಷ ತಲೆ ಹಾಕಿರಲಿಲ್ಲ. ಆಕ್ಲೆಂಡಿನ ಅಂಚಿನ ಪಾಪಕುರಾದ ಅವಳ ಮನೆಯಿಂದ ಟೌರಂಗಾಕ್ಕೆ ಹೋಗುವ ರಸ್ತೆ ಕೈಮಾಯಿ ಬೆಟ್ಟಸಾಲನ್ನು ಹತ್ತಿ ಇಳಿಯುತ್ತದೆ. ಅಲ್ಲಿ ಕಾರು ಏರು ಹಿಡಿದ ಕೂಡಲೇ ಅವಳು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು.

ತಮ್ಮ ಸುಬ್ಹಾನ್ ಟೌರಂಗಾದ ಕಿವಿಹಣ್ಣಿನ ಪ್ಯಾಕ್‌ಹೌಸೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಗದಗಿನಲ್ಲಿ ಗುಡ್ಡವನ್ನೇ ಹತ್ತದ ಹುಡುಗನಿಗೆ ಇಲ್ಲಿಗೆ ಬಂದ ಮೇಲೆ ಕಾಡಿನ ಹುಚ್ಚು ಹಿಡಿದಿತ್ತು. ಎರಡು ಸಾವಿರದ ನಾಲ್ಕರ ಈಸ್ಟರ್ ರಜೆಗೆ ಒಬ್ಬನೇ ಟೆಂಟು ಕಟ್ಟಿಕೊಂಡು ಹೋದವನು ಬರಲಿಲ್ಲ. ಕಾಡಿನ ಕ್ಯಾಂಪಿನಲ್ಲಿ ಅವನ ಕಾರು ನಿಂತಿತ್ತು. ಹಳ್ಳದ ಕೆಳಹರಿವಿನಲ್ಲಿ ಅವನ ಜಾಕೆಟ್ಟು ಸಿಕ್ಕಿತು. ಆ ವಾರ ಹಳ್ಳ ತುಂಬಿ ಹರಿದಿತ್ತು. ಐದು ದಿನ ಹುಡುಕಿದರು, ಹೆಲಿಕಾಪ್ಟರೂ ಬಂತು. ಕೊನೆಗೆ ನೀರು ಒಯ್ದಿರಬೇಕು, ತಕ್ಷಣವೇ ಜೀವ ಹೋಗಿರಬೇಕು ಎಂದರು. ಆ 'ತಕ್ಷಣ' ಎಂಬ ಮಾತನ್ನೇ ಹಿಡಿದುಕೊಂಡು ಮಾಸೂಮಾ ಬದುಕಿದ್ದಳು.

ಎರಡು ಸಾವಿರದ ಆರರ ಜನವರಿಯಲ್ಲಿ ಗದಗಿನಿಂದ ಅವಳ ತಾಯಿ ಫೋನು ಮಾಡಿ, ಮಣ್ಣಂತೂ ಕೊಡಲಾಗಲಿಲ್ಲ, ಆ ಜಾಗದಲ್ಲಿ ನಿಂತು ಒಂದು ಫಾತಿಹಾ ಆದರೂ ಓದಿ ಬಾ ಎಂದರು. ಇಲ್ಲ ಎನ್ನಲಾಗಲಿಲ್ಲ. ಗಂಡ ಜಾವೇದ್ ಅವಳು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಯಿಂದ ಅವಳಿಗೆ ಎರಡು ದಿನ ರಜೆ ಹಾಕಿಸಿದ. ಏಳು ವರ್ಷದ ಮಗಳು ರುಮೈಸಾಳನ್ನೂ ಕರೆದುಕೊಂಡು ಹೊರಟರು.

ಡಾಂಬರು ಮುಗಿದ ಮೇಲೆ ಜಲ್ಲಿ ದಾರಿ, ಅದೂ ಮುಗಿದ ಮೇಲೆ ಹಳ್ಳವನ್ನೇ ದಾಟುವ ಎರಡು ಕಡೆ. ಆಮೇಲೆ ಒಂದು ಹುಲ್ಲಿನ ಬಯಲು. ಮಳೆನೀರಿನ ಟ್ಯಾಂಕು, ಗುಂಡಿ ಕಕ್ಕಸು, ಸೌದೆಯ ಒಂದು ಚಪ್ಪರ, ವಾರ್ಡನ್ ಹೆಂಗಸಿನ ಹಳೆಯ ಕ್ಯಾರವಾನು: ಕ್ಯಾಂಪೆಂದರೆ ಅಷ್ಟೇ. ಸುತ್ತ ನಾಲ್ಕೂ ಕಡೆ ಬೆಟ್ಟ, ಬೆಟ್ಟದ ತುಂಬ ಮರದಷ್ಟೆತ್ತರದ ಜರೀಗಿಡ. ಕತ್ತಲಾಗಲು ಇನ್ನೂ ಹೊತ್ತಿದ್ದರೂ ಬಯಲಿನ ಅರ್ಧಕ್ಕೆ ನೆರಳು ಬಂದಿತ್ತು. ಮಾಸೂಮಾ ಹಳ್ಳದ ದಂಡೆಗೆ ಹೋಗಿ ಸೆರಗು ಹೊದ್ದು ಫಾತಿಹಾ ಓದಿದಳು. ಓದಿ ಮುಗಿಸಿದರೂ ಮನಸ್ಸಿನ ಭಾರ ಇಳಿಯಲಿಲ್ಲ. ಖಾಲಿ ಮನೆಯ ಬಾಗಿಲಲ್ಲಿ ನಿಂತು ಮಾತಾಡಿದ ಹಾಗೆ ಅನ್ನಿಸಿತು. ಬೆನ್ನ ಹಿಂದೆ ಯಾರೋ ಇದ್ದಾರೆಂದು ಎರಡು ಸಲ ತಿರುಗಿ ನೋಡಿದಳು.

ಬೆಳಿಗ್ಗೆ ಬಯಲ ತುಂಬ ಮಂಜು. ಮಾಸೂಮಾ ಗ್ಯಾಸ್ ಒಲೆಯ ಮೇಲೆ ಚಹಾಕ್ಕಿಟ್ಟಿದ್ದಳು. ಟ್ಯಾಂಕಿನಿಂದ ನೀರು ತರಲು ಹೋದ ರುಮೈಸಾ ಮಂಜಿನೊಳಗಿಂದ ಸಿಳ್ಳೆ ಹಾಕುತ್ತ ಬಂದಳು. ಎರಡು ಗಿಡ್ಡ, ಒಂದು ಉದ್ದ. ಉದ್ದನೆಯದು ಮೇಲೇರಿ ತುದಿಯಲ್ಲಿ ಒಡೆಯುತ್ತಿತ್ತು.

ಮಾಸೂಮಾ ಒಲೆ ಆರಿಸಿ ಎದ್ದಳು. ಅದು ಅವಳ ಅಪ್ಪನ ಸಿಳ್ಳೆ. ಗದಗಿನಲ್ಲಿ ಸೈಕಲ್ ಅಂಗಡಿ ಮುಚ್ಚಿ ಬರುವಾಗ ಓಣಿಯ ತುದಿಯಿಂದಲೇ ಅಪ್ಪ ಹಾಗೆ ಮಕ್ಕಳನ್ನು ಕರೆಯುತ್ತಿದ್ದರು. ಮುಂದಿನ ಹಲ್ಲು ಮುರಿದಿದ್ದರಿಂದ ತುದಿ ಒಡೆಯುತ್ತಿತ್ತು. ಸುಬ್ಹಾನ್ ಆ ಒಡಕನ್ನೂ ಬಿಡದೆ ಕಲಿತಿದ್ದ. ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಸುಬ್ಹಾನ್ ಹೋದಾಗ ರುಮೈಸಾ ಐದರ ಕೂಸು, ಅವಳೆದುರು ಅವನು ಸಿಳ್ಳೆ ಹಾಕಿದ್ದೂ ಮಾಸೂಮಾಳಿಗೆ ನೆನಪಿಲ್ಲ.

"ಇದನ್ನ ನಿನಗ ಯಾರು ಕಲಿಸಿದ್ರು?"

"ದ್ಯಾಟ್ ಬರ್ಡ್, ಮಮ್ಮಾ," ಎಂದಳು ರುಮೈಸಾ. "ದ ಬ್ಲ್ಯಾಕ್ ಒನ್."

ಟ್ಯಾಂಕಿನ ಹಿಂದೆ ಬೆಟ್ಟ ಸೀಳಿಕೊಂಡು ಒಂದು ಕೊರಕಲು ಮೇಲಕ್ಕೆ ಹೋಗುತ್ತಿತ್ತು. ಅದರ ಬಾಯಲ್ಲಿದ್ದ ಮರದಲ್ಲಿ ಒಂದು ಟೂಯಿ ಹಕ್ಕಿ ಕೂತಿತ್ತು. ಕಪ್ಪು ಮೈ, ಗಂಟಲಲ್ಲಿ ಬಿಳಿಯ ಕುಚ್ಚು. ಅದು ಗಂಟೆಯ ಹಾಗೆ ಉಲಿಯಿತು, ಕೆಮ್ಮಿದಂತೆ ಮಾಡಿತು, ಆಮೇಲೆ ಅಪ್ಪನ ಸಿಳ್ಳೆ ಹಾಕಿತು. ಒಡಕು ಸಹಿತ.

"ಹಕ್ಕಿ ಅದ ಮಾಸೂಮಾ. ಬರೇ ಹಕ್ಕಿ," ಎಂದ ಜಾವೇದ್. ಆದರೆ ಅವನೂ ಆ ಸಿಳ್ಳೆಯನ್ನು ಮೈದುನನ ಬಾಯಲ್ಲಿ ಕೇಳಿದವನು.

ವಾರ್ಡನ್ ಗ್ಲೆನಿಸ್‌ಳನ್ನು ಕೇಳಿದರು. ಅರವತ್ತು ದಾಟಿದ ಆಕೆಗೆ ಇವರು ಯಾರೆಂದು ಗೊತ್ತಿರಲಿಲ್ಲ. ಟೂಯಿಗಳು ಕೇಳಿದ್ದನ್ನೆಲ್ಲ ಕಲಿಯುತ್ತವೆ, ತನ್ನ ಮನೆಯ ಹತ್ತಿರದ್ದು ಟೆಲಿಫೋನಿನ ಹಾಗೆ ಕೂಗುತ್ತದೆ ಎಂದು ನಗುತ್ತ ಹೇಳಿದಳು. ಈ ಹಕ್ಕಿ ಆ ಕೊರಕಲು ಬಿಟ್ಟು ಬರುವುದಿಲ್ಲ ಎಂದಳು. ಒಂದು ಸಲ ಕೇಳಿದರೆ ಕಲಿಯುತ್ತದೆಯೇ ಎಂದು ಮಾಸೂಮಾ ಕೇಳಿದಳು. ಇಲ್ಲ, ಒಂದೇ ಜಾಗದಿಂದ ಮತ್ತೆ ಮತ್ತೆ ಕೇಳಬೇಕು, ದಿನಗಟ್ಟಲೆ ಎಂದಳು ಗ್ಲೆನಿಸ್. ಹಾಗೆನ್ನುತ್ತಲೇ ಮಾಸೂಮಾಳ ಮುಖ ನೋಡಿ ಆಕೆಯ ನಗು ನಿಂತಿತು.

ಜಾಕೆಟ್ಟು ಸಿಕ್ಕಿದ್ದು ಕೆಳಗೆ, ಹಳ್ಳದಲ್ಲಿ. ಎಲ್ಲರೂ ಹುಡುಕಿದ್ದೂ ಕೆಳಗೇ. ಕೊರಕಲು ಇದ್ದದ್ದು ಮೇಲೆ.

ಮಾಸೂಮಾ ಚಪ್ಪಲಿ ಕಾಲಲ್ಲೇ ಆ ಕೊರಕಲಿಗೆ ನುಗ್ಗಿದಳು. ಬಳ್ಳಿಗಳು ಹಗ್ಗದ ಹಾಗೆ ಸೊಂಟ ಹಿಡಿದವು. ಮೇಲಿನಿಂದ ಸಿಳ್ಳೆ ಬಂತು. ಅವಳು ಎರಡು ಬೆರಳು ಬಾಯಿಗಿಟ್ಟು, ಚಿಕ್ಕಂದಿನಲ್ಲಿ ಓಣಿಯಿಂದ ಅಪ್ಪನಿಗೆ ಕೊಡುತ್ತಿದ್ದ ಉತ್ತರ ಕೊಟ್ಟಳು. ಕಾಡು ಸುಮ್ಮನಾಯಿತು. ಮತ್ತೆ ಸಿಳ್ಳೆ ಬಂತು, ಈ ಸಲ ಇನ್ನೂ ಒಳಗಿನಿಂದ. ಅದು ಹಕ್ಕಿಯೆಂದು ಗೊತ್ತಿದ್ದೂ ಅವಳು ಬಂದೆ, ಬಂದೆ ಎಂದು ಹತ್ತುತ್ತಲೇ ಹೋದಳು. ಜಾವೇದ್ ಹಿಂದಿನಿಂದ ಬಂದು ಅವಳ ಎರಡೂ ತೋಳು ಹಿಡಿದು ನಿಲ್ಲಿಸದಿದ್ದರೆ, ಜರೀಗಿಡಗಳು ಮುಚ್ಚಿಕೊಂಡಿದ್ದ ಬಂಡೆಯ ಅಂಚಿನಿಂದ ಅವಳೂ ಕೆಳಗೆ ಹೋಗುತ್ತಿದ್ದಳು.

ಗ್ಲೆನಿಸ್ ಹತ್ತಿರದ ಫಾರ್ಮಿಗೆ ಹೋಗಿ ಪೊಲೀಸರಿಗೆ ಫೋನು ಮಾಡಿದಳು. ಮರುದಿನ ನಾಲ್ವರು ಹಗ್ಗ ಹಿಡಿದು ಆ ಅಂಚಿನಿಂದ ಇಳಿದರು. ಕೆಳಗೆ ಬಂಡೆಯ ಪೊಟರೆಯಲ್ಲಿ ಸುಬ್ಹಾನ್ ಸಿಕ್ಕ. ತೊಡೆಯ ಮೂಳೆ ಮುರಿದಿತ್ತು. ತಿಂಡಿಯ ಪೊಟ್ಟಣಗಳ ಖಾಲಿ ಕಾಗದಗಳನ್ನು ನೀಟಾಗಿ ಮಡಿಸಿ ಚೀಲದ ಜೇಬಿಗೆ ಹಾಕಿದ್ದ. ಕಾಡಿನಲ್ಲಿ ಕಸ ಬಿಸಾಡುವವನಲ್ಲ ಅವನು. ಜಾಕೆಟ್ಟನ್ನು ಮೇಲೆಲ್ಲೋ ಹಳ್ಳ ದಾಟುವಾಗ ನೀರು ಕಿತ್ತುಕೊಂಡಿರಬೇಕು ಎಂದರು. ಎಷ್ಟು ದಿನ ಬದುಕಿದ್ದ ಎಂಬುದನ್ನು ಯಾರೂ ಹೇಳಲಿಲ್ಲ.

ಆಕ್ಲೆಂಡಿನಲ್ಲಿ ಮಣ್ಣು ಕೊಟ್ಟ ಮೂರನೆಯ ದಿನ ಪಾಪಕುರಾದ ಮನೆ ಮುಂದೆ ಒಂದು ಕೆಸರು ಮೆತ್ತಿದ ಪಿಕಪ್ ಗಾಡಿ ಬಂದು ನಿಂತಿತು. ಇಳಿದವನು ನೋಯೆಲ್ ಎಂಬ ದನ ಸಾಕುವ ರೈತ. ಎರಡು ವರ್ಷದ ಹಿಂದೆ ಸ್ವಂತ ಖುಷಿಯಿಂದ ಹುಡುಕಲು ಬಂದವರಲ್ಲಿ ಒಬ್ಬ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೇ ನಿಂತ.

ಹುಡುಕಾಟದ ಎರಡನೆಯ ದಿನ ಮಧ್ಯಾಹ್ನ ತಾನು ಕೊರಕಲಿನ ಕೆಳಗೆ ಊಟಕ್ಕೆ ಕೂತಿದ್ದೆ ಎಂದು ಅವನು ಹೇಳಿದ. ಮೇಲಿನಿಂದ ಸಿಳ್ಳೆ ಕೇಳಿಸಿತು. ಮೂರು ಸಲ.

"ನಾನು ಅದನ್ನು ಟೂಯಿ ಅಂದುಕೊಂಡೆ," ಎಂದ.

ಮಾಸೂಮಾ ಒಳಗೆ ಹೋಗಿ ಒಂದು ಕುರ್ಚಿ ತಂದು ಮೆಟ್ಟಿಲ ಪಕ್ಕ ಹಾಕಿದಳು. ಅವನು ಕೂತ. ಅವಳು ಹೊಸ್ತಿಲ ಮೇಲೆ ಕೂತಳು. ಒಳಗೆ ಹೆಂಗಸರು ಕುರಾನ್ ಓದುತ್ತಿದ್ದರು. ಓದಿ ಮುಗಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದರು.