ಮೂರನೇ ಮಹಡಿಯ ದೀಪ

ಮಂಡಿಯೂರಿ ಕುಳಿತು ಅವಳು ವೈರನ್ನು ತೊಟ್ಟಿಯ ಹಿಂದಕ್ಕೆ ತಳ್ಳುತ್ತಿದ್ದಾಗ ಬಾಗಿಲಲ್ಲಿ ಅಟೆಂಡರ್ ಕೆಮ್ಮಿದ.

"ಆಸ್ಪತ್ರೆಯಿಂದ ವ್ಯಾನು ಬಂತಮ್ಮ. ಮೇಷ್ಟ್ರನ್ನ ಕೆಳಗೆ ಹಾಲ್‌ನಲ್ಲಿ ಕೊನೆ ದರ್ಶನಕ್ಕೆ ಮಲಗಿಸಿದ್ದಾರೆ. ಅವರ ಮನೆ ಅಮ್ಮಾವರು ಮೇಲೆ ಬರ್ತೀನಿ ಅಂತಿದ್ದಾರೆ."

"ಇಲ್ಲಿಗಾ? ಆ ಮಂಡಿ ನೋವಲ್ಲಿ ಮೂರು ಮಹಡಿ ಹತ್ತೋಕಾಗತ್ತಾ?"

"ನಾನೂ ಅದೇ ಅಂದೆ. ದೀಪ ನೋಡಲೇಬೇಕಂತೆ."

ಅವಳು ಮೇಷ್ಟ್ರ ಕೊನೆಯ ವಿದ್ಯಾರ್ಥಿನಿ. ಕಿಟಕಿಯ ಕಟ್ಟೆಯ ಮೇಲೆ ಉರಿಯುತ್ತಿದ್ದ ಪುಟ್ಟ ದೀಪ ವಿಶ್ವವಿದ್ಯಾಲಯಕ್ಕೆಲ್ಲ ಗೊತ್ತಿದ್ದದ್ದು. ತಾರಸಿಯ ಫಲಕಗಳು ಹಿಡಿದ ಬಿಸಿಲನ್ನು ಎರಡು ಗಾಜಿನ ತೊಟ್ಟಿಗಳ ಉಪ್ಪುನೀರಿನಲ್ಲಿ ಕೂಡಿಟ್ಟು, ಪುಟ್ಟ ಪಂಪಿನಿಂದ ಆ ನೀರನ್ನು ಹರಿಸಿ, ಬೇಕಾದಾಗ ಬೆಳಕು ಮಾಡಿಕೊಡುವ ಬ್ಯಾಟರಿ. ದುಬಾರಿ ಲೋಹವಿಲ್ಲ, ಹೊತ್ತಿಕೊಳ್ಳುವ ಭಯವಿಲ್ಲ. ಬಡವರ ಮನೆಯ ಬ್ಯಾಟರಿ ಎನ್ನುತ್ತಿದ್ದರು ಮೇಷ್ಟ್ರು. ಆಯುಷ್ಯವನ್ನೆಲ್ಲ ಅದಕ್ಕೇ ಸುರಿದರು.

ದೀಪ ಈಗ ಉರಿಯುತ್ತಿದ್ದದ್ದು ಗೋಡೆಯ ಪ್ಲಗ್ಗಿನಿಂದ. ಅದು ತನ್ನೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು. ತೊಟ್ಟಿಗಳ ಮೇಲೆ ಬಿಳಿ ಬಟ್ಟೆ ಹೊದಿಸಿ, ಅಂಚನ್ನು ಸರಿಮಾಡಿ, ಕೆಳಗಿಳಿದಳು.

*

ಮೇಷ್ಟ್ರು ಆಸ್ಪತ್ರೆ ಸೇರಿದ ವಾರವೇ ತೊಟ್ಟಿಗಳ ನಡುವಿನ ತೆಳು ಪೊರೆ ಹರಿದಿತ್ತು. ಒಂದು ಕಡೆಯ ಹಳದಿ ನೀರೂ ಇನ್ನೊಂದು ಕಡೆಯ ನೀಲಿ ನೀರೂ ಕಲೆತು ಕೆಸರಿನ ಬಣ್ಣಕ್ಕೆ ತಿರುಗಿದವು. ಬೆರೆತದ್ದನ್ನು ಬೇರ್ಪಡಿಸುವ ದಾರಿಯಿರಲಿಲ್ಲ. ಹೊಸ ಪೊರೆ ತರಿಸೋಣವೆಂದರೆ ಯೋಜನೆಯ ಹಣವೇ ಮುಗಿದುಹೋಗಿತ್ತು. ಅವಳು ಒದ್ದೆ ಕೈಯಲ್ಲಿ ನಿಂತಿರುವಾಗ ಆಸ್ಪತ್ರೆಯಿಂದ ಮೇಷ್ಟ್ರ ಫೋನು ಬಂತು.

"ಉರೀತಿದೆಯೇನಮ್ಮ?"

"ಉರೀತಿದೆ ಸರ್."

"ಎಲ್ಲಿ, ವಿಡಿಯೋದಲ್ಲಿ ತೋರಿಸು."

"ಕೈ ಒದ್ದೆ ಸರ್, ಒರೆಸ್ಕೊಂಡು ತೋರಿಸ್ತೀನಿ."

ಅಷ್ಟರಲ್ಲಿ ಅವಳು ಹಳೆಯ ಅಡಾಪ್ಟರೊಂದನ್ನು ಹುಡುಕಿ, ದೀಪವನ್ನು ಗೋಡೆಗೆ ಸಿಕ್ಕಿಸಿದ್ದಳು. ಮೇಷ್ಟ್ರು ಫೋನಿನಲ್ಲಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಹೋಗು, ಊಟ ಮಾಡು," ಎಂದರು.

ಅಂದಿನಿಂದ ದಿನಾ ಸಂಜೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಊಟದ ಮಾತು.

*

ಮೋಡ ಕವಿದು ಮಧ್ಯಾಹ್ನವೇ ಮಬ್ಬಾಗಿತ್ತು. ಹಾಲ್‌ನಲ್ಲಿ ದೀಪಗಳನ್ನೆಲ್ಲ ಹಾಕಿದ್ದರು. ಹೂವಿನ ನಡುವೆ ಮೇಷ್ಟ್ರ ಮುಖ ಚಿಕ್ಕದಾಗಿ ಕಾಣುತ್ತಿತ್ತು.

"ಉಪ್ಪುನೀರಿನ ಮೇಷ್ಟ್ರು," ಎಂದರು ರಸಾಯನಶಾಸ್ತ್ರದ ಪ್ರೊಫೆಸರೊಬ್ಬರು ಮೆಲ್ಲಗೆ. "ತೊಟ್ಟಿಗೆ ಮೀನು ಯಾವಾಗ ಬಿಡ್ತೀರಿ ಅಂತ ಕಾಡಿಸ್ತಿದ್ದೆ. ನಿನ್ನ ಪಾಠ ಕೇಳಿದ ಮೀನಾದರೆ ಬೇಡಪ್ಪ, ನಿದ್ದೆ ಮಾಡ್ತದೆ ಅಂತಿದ್ದರು."

"ಅದನ್ನ ತಯಾರಿಸೋಕೆ ಯಾವ ಕಂಪನಿಯವರೂ ಬರಲೇ ಇಲ್ಲ, ಅಲ್ವಾ?" ಎಂದರು ಪಕ್ಕದವರು.

"ಬಂದಿದ್ದರು. ಕಾಫಿ ಕುಡಿದು ಹೋದರು. ಆದರೂ ರಜೆ ದಿನಗಳಲ್ಲಿ ನೋಡಬೇಕಿತ್ತು. ರಜೆ ಅಂದ್ರೆ ಇಲ್ಲಿ ಒಂದೊಂದೇ ಮಹಡಿಯ ಮೇನ್ ಸ್ವಿಚ್ ತೆಗೀತಾರಲ್ಲ, ಇಡೀ ಕಟ್ಟಡ ಕತ್ತಲು. ಮೂರನೇ ಮಹಡೀಲಿ ಇವರದೊಂದೇ ಕಿಟಕಿ ಬೆಳಕು. ಹೆಂಡತಿನ ರಸ್ತೇಲಿ ನಿಲ್ಲಿಸಿ ತೋರಿಸ್ತಿದ್ದರು, ಹೊಸ ಮದುವಣಿಗನ ಹಾಗೆ."

ವಿಭಾಗದ ಮುಖ್ಯಸ್ಥರು ಗಡಿಯಾರ ನೋಡಿಕೊಂಡು ಅಟೆಂಡರನ್ನು ಕರೆದರು. "ಮೇಷ್ಟ್ರ ಗೌರವಕ್ಕೆ ರಜೆ ಕೊಟ್ಟಿದ್ದೇವೆ. ವ್ಯಾನು ಹೊರಟ ಮೇಲೆ ಎಲ್ಲ ಮುಚ್ಚಿಬಿಡು. ಸೋಮವಾರ ಆ ಕೊಠಡಿ ಬೇರೆಯವರಿಗೆ. ನೀರು ಚೆಲ್ಲಿ, ತೊಟ್ಟಿಗಳನ್ನ ಗುಜರಿಗೆ ಹಾಕ್ಸು."

ಮೇಷ್ಟ್ರ ಹೆಂಡತಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಎದ್ದು ನಿಂತು ಅವಳ ಕೈ ಹಿಡಿದರು. "ನಡಿ ಪುಟ್ಟಿ."

"ಬೇಡಮ್ಮ. ನಾನೇ ಫೋನಲ್ಲಿ ತೋರಿಸ್ತೀನಿ."

"ಫೋನಲ್ಲಿ ನೋಡಿದ್ದು ಸಾಕಾಗಿದೆ."

ಅಟೆಂಡರ್ ಸ್ಟೂಲೊಂದನ್ನು ಎತ್ತಿಕೊಂಡು ಹಿಂದೆ ಬಂದ. ಪ್ರತಿ ತಿರುವಿನಲ್ಲೂ ಅದನ್ನಿಟ್ಟು, ಅಮ್ಮ ಕುಳಿತು ಸುಧಾರಿಸಿಕೊಳ್ಳುವವರೆಗೆ ಬೇರೆತ್ತಲೋ ನೋಡುತ್ತ ನಿಂತ.

ಕೊಠಡಿಯಲ್ಲಿ ಸ್ಟೂಲನ್ನು ದೀಪದ ಮುಂದಿಟ್ಟು ಅವನು ಹೊರಗೆ ಹೋದ; ಅಮ್ಮ ಕುಳಿತರು. ಬಟ್ಟೆಯ ಒಂದು ತುದಿ ಎತ್ತಿ, ಕೆಸರು ನೀರನ್ನು ನೋಡಿ, ಮತ್ತೆ ಮುಚ್ಚಿದರು. ನೆಲದ ಮೇಲಿನ ವೈರ್‌ಗೆ ಅವರ ಚಪ್ಪಲಿ ತಾಗಿತು.

"ಅಮ್ಮ, ನಾನು..."

"ಅವರಿಗೆ ಮೊದಲನೇ ದಿನವೇ ಗೊತ್ತಾಗಿತ್ತು ಕಣೆ. ಪಂಪು ತಿರುಗಿದಾಗಲೆಲ್ಲ ನಮ್ಮ ದೀಪ ಕಣ್ಣು ಮಿಟುಕಿಸ್ತದೆ, ಇದು ಮಿಟುಕಿಸೋದೇ ಇಲ್ಲ ಅಂದರು."

"ಏನೂ ಹೇಳಲೇ ಇಲ್ಲವಲ್ಲ."

"ಅವತ್ತು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಒಂದು ತುತ್ತೂ ಬೇಡ ಅಂದರು. ಮಾರನೇ ದಿನ ಸಂಜೆ ತಾವೇ ಕೇಳಿದರು, ಫೋನ್ ಕೊಡೇ, ಆ ಹುಡುಗಿ ಕಾಯ್ತಿರ್ತಾಳೆ ಅಂತ."

ಅವಳು ಅತ್ತಳು. ಅಮ್ಮ ಸೆರಗಿನ ತುದಿಯನ್ನು ಅವಳ ಕೈಗೆ ಕೊಟ್ಟರು, ಒರೆಸಿಕೊಳ್ಳಲು.

"ವ್ಯಾನು ಈ ಕಿಟಕಿ ಕೆಳಗೇ ಹೋಗ್ತದಂತೆ," ಎಂದರು ಕಿಟಕಿಯ ಕಡೆ ತಿರುಗಿ. "ಅಲ್ಲೀವರೆಗೆ ಉರೀಲಿ. ಗೋಡೆ ಕರೆಂಟಿಂದಾದರೂ ಪರವಾಗಿಲ್ಲ. ಒಂದ್ಸಲ ರಸ್ತೆಯಿಂದ ನೋಡ್ಬೇಕು, ಅಷ್ಟೇ."

"ಉರಿಯುತ್ತಮ್ಮ. ನಾನು ಮುಟ್ಟಲ್ಲ."

ಅಟೆಂಡರ್ ಅಮ್ಮನನ್ನು ವ್ಯಾನಿನೊಳಗೆ ಹತ್ತಿಸಿ, ಕಾಲ ಬಳಿಯ ಹೂವು ಸರಿಸಿ, ಬಾಗಿಲು ಮುಚ್ಚಿದ. ಕೈಮುಗಿದು, ಬೀಗದ ಕೈ ಗೊಂಚಲು ಹಿಡಿದು ಒಳಗೆ ಹೋದ. ಅವಳು ಅಮ್ಮನ ಪಕ್ಕದಲ್ಲಿ ಕುಳಿತಿದ್ದಳು. ವ್ಯಾನು ನಿಧಾನವಾಗಿ ಕಟ್ಟಡವನ್ನು ಬಳಸಿ ಹಿಂದಿನ ರಸ್ತೆಗೆ ತಿರುಗಿತು.

ಅವಳು ತಲೆಯೆತ್ತುವಷ್ಟರಲ್ಲಿ ಕೆಳಗಿನ ಕಿಟಕಿಗಳ ಸಾಲುಗಳು ಆರಿದ್ದವು. ನೋಡುನೋಡುತ್ತಲೇ ಎರಡನೇ ಮಹಡಿ. ಆಮೇಲೆ ಮೂರನೆಯದು.

ಅಮ್ಮ ಒಂದು ಕೈಯನ್ನು ಮೇಷ್ಟ್ರ ಮೇಲಿನ ಹೂವಿನ ಮೇಲಿಟ್ಟು, ಗಾಜಿಗೆ ಹಣೆ ತಾಗಿಸಿ ಮೇಲೆ ನೋಡುತ್ತಿದ್ದರು. ಒಂದೇ ಅಳತೆಯ ಕಿಟಕಿಗಳು, ಉದ್ದಕ್ಕೂ ಕಪ್ಪಗೆ.

"ಯಾವುದು ಪುಟ್ಟಿ, ನಮ್ಮದು?"

ಅವಳು ಬೆರಳೆತ್ತಿದಳು. ವ್ಯಾನು ಸಾಗುತ್ತಿದ್ದಂತೆ ಬೆರಳು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಜಾರುತ್ತಾ ಹೋಯಿತು.