ಇಪ್ಪತ್ತಾರನೆಯ ವಾಲ್ವ್

ಮಗಳ ನೀರಿನ ಬಾಟಲಿ ದಿನವೂ ತುಂಬಿದ್ದ ಹಾಗೇ ಮನೆಗೆ ಮರಳುತ್ತಿತ್ತು. "ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಲ್ಲಮ್ಮ, ಶಾಲೇಲಿ ನೀರೇ ಬರಲ್ಲ," ಎಂದಳು. ಅವಳ ಶಾಲೆ ಇರುವ ಏರುಬೀದಿಗೆ ನೀರು ಏಕೆ ಹತ್ತುತ್ತಿಲ್ಲ ಎಂದು ಕಂಡುಹಿಡಿಯುವುದೇ ಜಲಮಂಡಳಿಯಲ್ಲಿ ನನ್ನ ಕೆಲಸ.

"ಏರು ಜಾಸ್ತಿ, ಒತ್ತಡ ಸಾಲಲ್ಲ ಅಂತ ಬರೆದು ಫೈಲ್ ಮುಚ್ಚಮ್ಮ," ಎಂದರು ಸಾಹೇಬರು. ನನ್ನ ಲೆಕ್ಕದಲ್ಲಿ ಒತ್ತಡ ಸಾಲುತ್ತಿತ್ತು. ಆ ಸಾಲಿನ ಮೂವತ್ತೊಂದು ವಾಲ್ವ್‌ಗಳನ್ನೂ ಒಂದೊಂದಾಗಿ ನೋಡಲು, ಗೊಣಗುವ ವಾಲ್ವ್‌ಮ್ಯಾನ್‌ನನ್ನು ಕರೆದುಕೊಂಡು ಹೊರಟೆ.

ಇಪ್ಪತ್ತಾರನೆಯದರ ಕೆಳಬದಿಯ ಕೊಳವೆಯಲ್ಲಿ ಒತ್ತಡ ಚೆನ್ನಾಗಿತ್ತು, ಏರಿನ ಬದಿಯಲ್ಲಿ ಹೆಸರಿಗಷ್ಟೇ ಇತ್ತು.

"ಪೂರ್ತಿ ತೆರೆದಿದೆ ಮೇಡಂ. ನಾನೇ ಎಡಕ್ಕೆ ತಿರುಗಿಸಿದ್ದೀನಿ."

"ತೆರೆದಿದ್ರೆ ಒತ್ತಡ ಇಲ್ಲೇ ಯಾಕೆ ಬೀಳುತ್ತೆ? ಬಲಕ್ಕೆ ತಿರುಗಿಸಿ."

"ಮುಚ್ಚಿಹೋಗುತ್ತೆ! ಬರೋ ಹನೀನೂ ನಿಂತ್ರೆ ಜನ ನನ್ನ ಚರ್ಮ ಸುಲೀತಾರೆ."

"ಯಾರಾದ್ರೂ ಕೇಳಿದ್ರೆ ನನ್ನ ಕಡೆ ಕೈ ತೋರ್ಸಿ."

ವಾಲ್ವ್ ತಿರುಗಿಸುವ ಉದ್ದನೆಯ ಕೀಲಿಗೆ ಇಬ್ಬರೂ ಜೋತುಬಿದ್ದೆವು. ನಾಲ್ಕನೇ ಸುತ್ತಿಗೆ ಕೊಳವೆಯೊಳಗೆ ನೀರು ಭೋರ್ಗರೆಯಿತು. ಅಲ್ಲಿಯವರೆಗೆ ನೋಡಿದವುಗಳಲ್ಲಿ ಇದೊಂದೇ ವಾಲ್ವ್ ಉಳಿದವಕ್ಕೆ ವಿರುದ್ಧ, ಬಲಕ್ಕೆ ತೆರೆಯುವಂಥದ್ದು.

"ಅಯ್ಯೋ, ಇಷ್ಟು ವರ್ಷ ನೀರಿನ ಕತ್ತು ಹಿಸುಕ್ತಿದ್ದವನು ನಾನೇನಾ?" ಎಂದು ಅವನು ತಲೆ ಚಚ್ಚಿಕೊಂಡ.

ಮರುದಿನ ಬಾಟಲಿ ಅರ್ಧ ಖಾಲಿಯಾಗಿ ಬಂತು. ಉಳಿದ ಐದು ವಾಲ್ವ್‌ಗಳನ್ನು ನೋಡಲು ನಾನು ಅದರ ಮಾರನೆಯ ಬೆಳಿಗ್ಗೆಯೇ ಮತ್ತೆ ಹೊರಟೆ.